ಕೊನೆಯ ಗುಟುಕು ಯಾವಾಗ? ವ್ಯಸನ ಮತ್ತು ಮನೋಆರೋಗ್ಯದ ಸಂಶೋಧನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್., ಪಿಎಚ್.ಡಿ. ಮಾಡುತ್ತಿರುವವರದು. ಒಂದು ಮಾತ್ರ ಗಂಡನನ್ನು ಆಸ್ಪತ್ರೆಗೆ ತೋರಿಸುತ್ತಿರುವ ಹೆಣ್ಣುಮಗಳದು.

ಮದ್ಯವ್ಯಸನದ ಚಿಕಿತ್ಸೆಗೆ ದಾಖಲಾದವರಲ್ಲಿ ಖಿನ್ನತೆ ಎಷ್ಟಿದೆ ಎಂಬುದು ನನ್ನ ಪ್ರಬಂಧದ ವಿಷಯ. ದಾಖಲಾದ ಎರಡು ದಿನದೊಳಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸುತ್ತಿದ್ದೇನೆ. ಬಹುತೇಕ ಎಲ್ಲರಿಗೂ 10ಕ್ಕಿಂತ ಹೆಚ್ಚು ಅಂಕ ಬರುತ್ತಿದೆ. ಇದನ್ನು ಹಾಗೇ ಬರೆಯಬಹುದೇ? (ಎಂ.ಫಿಲ್. ವಿದ್ಯಾರ್ಥಿನಿ, ಮೈಸೂರು)

ಬೇಡ. ನೀವು ಅಳೆದಿರುವುದರಲ್ಲಿ ಖಿನ್ನತೆ ಎಷ್ಟು, ಕುಡಿತ ನಿಲ್ಲಿಸಿದ್ದರ ಪರಿಣಾಮ ಎಷ್ಟು ಎಂದು ಬಿಡಿಸಿ ಹೇಳಲು ಈಗ ದಾರಿಯಿಲ್ಲ.

ಪ್ರಶ್ನಾವಳಿಯನ್ನು ಎದುರಿಗಿಟ್ಟುಕೊಂಡು ನೋಡಿ. ಒಂಬತ್ತು ಪ್ರಶ್ನೆಗಳಲ್ಲಿ ಐದು ನಿದ್ರೆ, ಸುಸ್ತು, ಹಸಿವು, ಏಕಾಗ್ರತೆ, ಚಡಪಡಿಕೆಗೆ ಸಂಬಂಧಿಸಿದವು. ದಿನಾ ಕುಡಿಯುವವನು ನಿಲ್ಲಿಸಿದ ಕೂಡಲೇ ಈ ಐದೂ ಕೆಡುತ್ತವೆ. ಪ್ರತಿಯೊಂದಕ್ಕೂ 3 ಅಂಕದಂತೆ, 27ರಲ್ಲಿ 15 ಅಂಕ ಹಿಂತೆಗೆತದಿಂದಲೇ, ಅಂದರೆ ಕುಡಿತ ನಿಲ್ಲಿಸಿದಾಗ ಆಗುವ ತೊಂದರೆಗಳಿಂದಲೇ, ಬರಬಹುದು. ಮನಸ್ಸು ಕುಗ್ಗದೆಯೂ ಖಿನ್ನತೆಯ ಗೆರೆಯಾದ 10 ದಾಟಿಬಿಡುತ್ತದೆ. ಕೈನಡುಕ, ಬೆವರು ಕೊನೆಯ ಗುಟುಕಿನಿಂದ 6 ರಿಂದ 12 ಗಂಟೆಯೊಳಗೆ ಶುರುವಾಗುತ್ತವೆ. ಫಿಟ್ಸ್‌ನ ಅಪಾಯ ಮೊದಲ ಎರಡು ದಿನ ಹೆಚ್ಚು. ಡೆಲಿರಿಯಂ (ಹೊತ್ತು, ಜಾಗ ತಿಳಿಯದ ಗೊಂದಲದ ಸ್ಥಿತಿ) ಬರುವುದಿದ್ದರೆ ಸಾಮಾನ್ಯವಾಗಿ 48 ರಿಂದ 96 ಗಂಟೆಯ ನಡುವೆ. ಸರಿಯಾಗಿ ಆ ಹೊತ್ತಿನಲ್ಲೇ ನೀವು ಕಾಗದ ಹಿಡಿದು ಹೋಗುತ್ತಿದ್ದೀರಿ. ಜೊತೆಗೆ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್‌ನಂಥ ಬೆಂಜೊಡಯಾಜೆಪೈನ್ ಗುಂಪಿನ ಮಾತ್ರೆ ನಡೆಯುತ್ತಿರುತ್ತದೆ. ಅದರ ಮಂಪರು ಬೇರೆ.

ಇನ್ನೊಂದು ಲೆಕ್ಕ ಹಲವರ ಕಣ್ಣಿಗೆ ಬೀಳುವುದಿಲ್ಲ. ಪಿಎಚ್‌ಕ್ಯೂ-9 ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. ಎರಡನೇ ದಿನ ಕೇಳಿದರೆ ಆ 14 ದಿನಗಳಲ್ಲಿ 12 ಕುಡಿದ ದಿನಗಳೇ. ಎರಡು ವಾರ ಬಿಟ್ಟು ಕೇಳಿದರೂ ಹಿಂತೆಗೆತದ ದಿನಗಳು ಪೂರ್ತಿ ಒಳಗೆ ಬರುತ್ತವೆ. ನಾಲ್ಕು ವಾರದ ಹೊತ್ತಿಗೆ ಕೇಳಿದಾಗಷ್ಟೇ ಮೂರನೇ, ನಾಲ್ಕನೇ ವಾರದ ಮನಸ್ಸು ಸಿಗುತ್ತದೆ. ಮನೋರೋಗಗಳನ್ನು ಗುರುತಿಸುವ ಕೈಪಿಡಿಯಾದ ಡಿಎಸ್‌ಎಂ-5 ಕೂಡ ಮದ್ಯದಿಂದಲೇ ಹುಟ್ಟಿದ ಖಿನ್ನತೆಯನ್ನು ಸ್ವತಂತ್ರ ಖಿನ್ನತೆಯಿಂದ ಬೇರ್ಪಡಿಸಲು ಸುಮಾರು ಒಂದು ತಿಂಗಳ ಅವಧಿಯನ್ನೇ ಇಟ್ಟುಕೊಳ್ಳುತ್ತದೆ. ಬಹಳ ಮಂದಿಯಲ್ಲಿ ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರದೊಳಗೆ ಅಂಕ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದವರೇ ನಿಮ್ಮ ಪ್ರಬಂಧಕ್ಕೆ ಮುಖ್ಯ.

ಎರಡು ಸಲ ಅಳೆಯಿರಿ. ಮೊದಲನೆಯದು ಸಿವಾ ಹಿಂತೆಗೆತ ಮಾಪಕದ ಅಂಕ 8ಕ್ಕಿಂತ ಕೆಳಗಿಳಿದು, ಬೆಂಜೊಡಯಾಜೆಪೈನ್ ಮಾತ್ರೆ ನಿಂತ ಮೇಲೆ. ಎರಡನೆಯದು ಕೊನೆಯ ಗುಟುಕಿನಿಂದ 28ನೇ ದಿನದ ಆಸುಪಾಸಿನಲ್ಲಿ. ಆ ಹೊತ್ತಿಗೆ ರೋಗಿ ಮನೆಗೆ ಹೋಗಿರಬಹುದು. ಹಾಗಾಗಿ ಫಾಲೋಅಪ್ ದಿನಕ್ಕೇ ಭೇಟಿ ಹೊಂದಿಸಿ, ಫೋನಿನಲ್ಲಿ ಕೇಳುವುದಾದರೆ ಮೊದಲೇ ಅನುಮತಿ ಪಡೆಯಿರಿ. ಒಂಬತ್ತನೇ ಪ್ರಶ್ನೆ, ಅಂದರೆ ಸಾಯುವ ಯೋಚನೆಯ ಪ್ರಶ್ನೆ, ಇದಕ್ಕೆಲ್ಲ ಕಾಯಬಾರದು. ಅದನ್ನು ದಾಖಲಾದ ದಿನವೇ ಕೇಳಬೇಕು. 'ಹೌದು' ಎಂದರೆ ಅದೇ ದಿನ ವಾರ್ಡಿನ ವೈದ್ಯರಿಗೆ ತಿಳಿಸಬೇಕು.

ದತ್ತಾಂಶದ ಹಾಳೆಯಲ್ಲಿ ನಾಲ್ಕು ಕಾಲಂ ಇರಲೇಬೇಕು: ಕೊನೆಯ ಗುಟುಕಿನ ದಿನ ಮತ್ತು ಹೊತ್ತು, ಬೆಂಜೊಡಯಾಜೆಪೈನ್ ನಿಂತ ದಿನ, ಮೊದಲು ಶುರುವಾದದ್ದು ಕುಡಿತವೋ ಬೇಸರವೋ, ಈ ಹಿಂದೆ ಅತಿ ಹೆಚ್ಚು ದಿನ ಬಿಟ್ಟಿದ್ದಾಗ ಮನಸ್ಸು ಹೇಗಿತ್ತು. ನೆನಪಿನ ಶಕ್ತಿ, ಗಮನ ಅಳೆಯುವ ಪರೀಕ್ಷೆಗಳನ್ನು ಎರಡು ವಾರಕ್ಕೂ ಮೊದಲು ಮಾಡಲೇಬೇಡಿ. ಬೀಡಿಯನ್ನೂ ಮರೆಯಬೇಡಿ. ವಾರ್ಡಿನಲ್ಲಿ ಸೇದಲು ಬಿಡದಿದ್ದರೆ ಮೊದಲ ವಾರದ ಸಿಡುಕು, ಆತಂಕದಲ್ಲಿ ನಿಕೋಟಿನ್ ಇಲ್ಲದ್ದರ ಪಾಲೂ ಇರುತ್ತದೆ. ಗಾಂಜಾ ಸೇದುತ್ತಿದ್ದವರಿಗೂ ಬಿಟ್ಟ ಮೊದಲ ವಾರವೇ ಹೆಚ್ಚು ಕಷ್ಟ, ಸುಮಾರು ಎರಡು ವಾರದಲ್ಲಿ ತಣ್ಣಗಾಗುತ್ತದೆ.

ಎಷ್ಟು ಕುಡಿಯುತ್ತೀರಿ ಎಂದರೆ 'ದಿನಾ ಎರಡು', 'ಸ್ವಲ್ಪ', 'ಮೂರು ಜನ ಸೇರಿ ಒಂದು ಫುಲ್ಲು' ಎನ್ನುತ್ತಾರೆ. ಕುಡಿತದ ಅಪಾಯ ಅಳೆಯುವ ಆಡಿಟ್ ಪ್ರಶ್ನಾವಳಿಯ 'ಸ್ಟ್ಯಾಂಡರ್ಡ್ ಡ್ರಿಂಕ್'ಗೆ ಇದನ್ನು ಹೇಗೆ ಹೊಂದಿಸುವುದು? (ಸಂಶೋಧನಾ ವಿದ್ಯಾರ್ಥಿ, ಧಾರವಾಡ)

ಲೋಟ ಬಿಟ್ಟು ಬಾಟಲಿ, ಪ್ಯಾಕೆಟ್ಟಿನ ಲೆಕ್ಕ ಹಿಡಿಯಿರಿ. ಮಿಲಿಲೀಟರನ್ನು ಮದ್ಯಸಾರದ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಅದನ್ನು 0.789ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಕೈಪಿಡಿಯಲ್ಲಿ 10 ಗ್ರಾಂ ಒಂದು ಡ್ರಿಂಕ್.

ನಮ್ಮಲ್ಲಿ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ ಶೇ 42.8. ಆದ್ದರಿಂದ 30 ಮಿ.ಲೀ. ಒಂದು ಡ್ರಿಂಕ್, ನೈಂಟಿ ಅಂದರೆ 3, 180ರ ಕ್ವಾರ್ಟರ್ ಅಂದರೆ 6, 750ರ ಫುಲ್ ಬಾಟಲಿ 25. ಮೂವರು ಸಮನಾಗಿ ಹಂಚಿಕೊಂಡರೆ ತಲೆಗೆ 8 ಚಿಲ್ಲರೆ. 650 ಮಿ.ಲೀ. ಬಿಯರ್ ಶೇ 5ರದ್ದಾದರೆ ಎರಡೂವರೆ, ಶೇ 8ರ ಸ್ಟ್ರಾಂಗ್ ಆದರೆ 4. ಸೇಂದಿಯಲ್ಲಿ ಮದ್ಯಸಾರದ ಪ್ರಮಾಣ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಅದನ್ನು ಬೇರೆ ಕಾಲಂನಲ್ಲಿ ಲೀಟರಿನಲ್ಲೇ ಬರೆಯಿರಿ, ಡ್ರಿಂಕ್ ಎಂದು ಊಹಿಸಬೇಡಿ.

ತಪ್ಪಿದರೆ ಏನಾಗುತ್ತದೆ ನೋಡಿ. ಆಡಿಟ್‌ನ ಎರಡನೇ ಪ್ರಶ್ನೆಯಲ್ಲಿ 1–2 ಡ್ರಿಂಕ್‌ಗೆ 0 ಅಂಕ, 10 ಅಥವಾ ಹೆಚ್ಚಿಗೆ 4 ಅಂಕ. 'ಎರಡು' ಎಂದವನು ಹೇಳಿದ್ದು ಎರಡು ಕ್ವಾರ್ಟರ್, ಅಂದರೆ 12 ಡ್ರಿಂಕ್. ನೀವು 1–2ಕ್ಕೆ ಗುರುತು ಹಾಕಿದರೆ ಒಂದೇ ಪ್ರಶ್ನೆಯಲ್ಲಿ 4 ಅಂಕ ಹೋಯಿತು. ಅಪಾಯದ ಗೆರೆ ಇರುವುದೇ 8ರಲ್ಲಿ. ಖಾಲಿ ನೈಂಟಿ ಪ್ಯಾಕೆಟ್, ಕ್ವಾರ್ಟರ್ ಬಾಟಲಿಗಳ ಚಿತ್ರವನ್ನು ಕಾರ್ಡಿನ ಮೇಲೆ ಅಂಟಿಸಿಕೊಂಡು ಹೋಗಿ. ಬೆರಳಿಟ್ಟು ತೋರಿಸುತ್ತಾರೆ.

ಯಾವ ದಿನ ಎಷ್ಟು ಎಂದು ತಿಳಿಯಬೇಕಾದರೆ ಟೈಮ್‌ಲೈನ್ ಫಾಲೋಬ್ಯಾಕ್ ಬಳಸಿ. 90 ದಿನದ ಕ್ಯಾಲೆಂಡರ್ ಮುಂದಿಟ್ಟು, ಮೊದಲು ಬಟವಾಡೆಯ ದಿನ, ಊರಿನ ಸಂತೆ, ಜಾತ್ರೆ, ಹಬ್ಬ, ಮದುವೆ, ಸಾವು ಗುರುತು ಹಾಕಿಸಿ. ಆಮೇಲೆ ನಿನ್ನೆಯಿಂದ ಹಿಂದಕ್ಕೆ ಕೇಳುತ್ತ ಹೋಗಿ. ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ಮುಗಿಸಿದರೆ ನೀವು ಬರೀ ಸರಾಸರಿ ಬರೆದುಕೊಂಡಿರಬಹುದು.

ನಮ್ಮ ಕಡೆ ಒಂದು ವಿಶೇಷವಿದೆ. ಶ್ರಾವಣದಲ್ಲಿ ಬಾಡೂಟದ ಜೊತೆ ಕುಡಿತವನ್ನೂ ಬಿಡುವವರಿದ್ದಾರೆ. ಅಯ್ಯಪ್ಪ ಮಾಲೆ ಹಾಕಿ 41 ದಿನ ಒಂದು ತೊಟ್ಟೂ ಮುಟ್ಟದವರಿದ್ದಾರೆ. ಡಿಸೆಂಬರಿನಲ್ಲಿ 'ಕಳೆದ 30 ದಿನ' ಎಂದು ಕೇಳಿದರೆ, ಮಾಲೆ ತೆಗೆದ ಮರುದಿನ ಎರಡು ಕ್ವಾರ್ಟರ್ ಕುಡಿಯುವವನೂ ಸೊನ್ನೆ ಎನ್ನುತ್ತಾನೆ. ಅದು ಸುಳ್ಳಲ್ಲ. ವ್ರತದ ಅವಧಿಯನ್ನು ಗುರುತು ಮಾಡಿ, ಅದರ ಹಿಂದಿನ 90 ದಿನವನ್ನೂ ಕೇಳಿ. ವ್ರತದ ಮೊದಲ ವಾರ ನಿದ್ರೆ, ಕೈನಡುಕ ಹೇಗಿತ್ತು ಎಂದು ವಿಚಾರಿಸಿ. ಅವಲಂಬನೆ ಎಷ್ಟಿದೆ ಎಂಬುದು ಆ ಉತ್ತರದಲ್ಲೇ ಸಿಗುತ್ತದೆ.

ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದೇ? (ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ)

ಮೊದಲು ಇರುವುದನ್ನು ಹುಡುಕಿ. ಪಿಎಚ್‌ಕ್ಯೂ-9ರ ಕನ್ನಡ ರೂಪ ಈಗಾಗಲೇ ಇದೆ. ಇಲ್ಲದಿದ್ದರೆ, ಹಕ್ಕು ಹೊಂದಿದವರ ಅನುಮತಿ ಪಡೆದು, ಇಬ್ಬರಿಂದ ಬೇರೆ ಬೇರೆಯಾಗಿ ಅನುವಾದ ಮಾಡಿಸಿ. ಎರಡನ್ನೂ ಕೂಡಿಸಿ ಒಂದು ಮಾಡಿ, ಮೂಲವನ್ನೇ ನೋಡದ ಮೂರನೆಯವರಿಂದ ಮತ್ತೆ ಇಂಗ್ಲಿಷಿಗೆ ಹಿಂದಿರುಗಿಸಿ. ಆಮೇಲೆ ಹತ್ತು ಮಂದಿಗೆ ಓದಿಹೇಳಿ, 'ಇದನ್ನು ಕೇಳಿ ನಿಮಗೇನು ಅನ್ನಿಸಿತು, ನಿಮ್ಮ ಮಾತಲ್ಲಿ ಹೇಳಿ' ಎನ್ನಿ. ಎಡವುವುದು ಈ ಕೊನೆಯ ಹೆಜ್ಜೆಯನ್ನು ಬಿಟ್ಟವರೇ.

'ಡ್ರಿಂಕ್' ಅನ್ನು 'ಪಾನೀಯ' ಎಂದರೆ, 'ಬೆಳಿಗ್ಗೆ ಎದ್ದ ಕೂಡಲೇ ಪಾನೀಯ ಬೇಕೆನಿಸುತ್ತದೆಯೇ' ಎಂಬುದಕ್ಕೆ ಚಹಾ ಕುಡಿಯುವವರೆಲ್ಲ ಹೌದು ಎನ್ನುತ್ತಾರೆ. 'ಕಳೆದ ವರ್ಷ' ಎಂದರೆ ಕೆಲವರಿಗೆ ಹೋದ ಯುಗಾದಿಗೂ ಹಿಂದಿನದು. 'ಈ ಹನ್ನೆರಡು ತಿಂಗಳಲ್ಲಿ' ಎನ್ನಿ. 'ಖಿನ್ನತೆ' ಪತ್ರಿಕೆಯ ಪದ. ಜನ ಹೇಳುವುದು ಬೇಜಾರು, ಯಾವುದಕ್ಕೂ ಮನಸ್ಸಿಲ್ಲ ಎಂದು. 'ಮಾದಕ ವಸ್ತು ಬಳಸುತ್ತೀರಾ' ಎಂದರೆ ತಂಬಾಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀಡಿ, ಗುಟ್ಕಾ, ಕಡ್ಡಿಪುಡಿ ಎಂದು ಒಂದೊಂದಾಗಿ ಕೇಳಬೇಕು. ಎಲೆ-ಅಡಿಕೆ ಹಾಕುವವರನ್ನು ಹೊಗೆಸೊಪ್ಪು ಸೇರಿಸುತ್ತೀರಾ ಎಂದೂ ಕೇಳಬೇಕು. ಕಲಬುರಗಿಯ ಮಾತಿಗೂ ಮಂಡ್ಯದ ಮಾತಿಗೂ ದೂರವಿದೆ. ಎಲ್ಲಿ ದತ್ತಾಂಶ ಸಂಗ್ರಹಿಸುತ್ತೀರೋ ಅಲ್ಲಿಯವರಿಗೇ ಓದಿಹೇಳಿ. 'ಚಟ', 'ಕುಡುಕ' ಎಂಬ ಪದಗಳು ಪ್ರಶ್ನೆಯಲ್ಲೂ ಬೇಡ, ಪ್ರಬಂಧದಲ್ಲೂ ಬೇಡ.

ಅಧ್ಯಯನಕ್ಕೆ ಎಷ್ಟು ಜನರನ್ನು ತೆಗೆದುಕೊಳ್ಳಬೇಕು? ಹಿಂದಿನವರೆಲ್ಲ 30 ಎನ್ನುತ್ತಾರೆ. (ಮಂಗಳೂರು)

ಎರಡು ಗುಂಪುಗಳ ಸರಾಸರಿ ಹೋಲಿಸಿ, ಮಧ್ಯಮ ಮಟ್ಟದ ವ್ಯತ್ಯಾಸ (0.5) ಕಂಡುಹಿಡಿಯಲು, ಶೇ 80 ಪವರ್ (ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) ಮತ್ತು 0.05 ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ), ಗುಂಪಿಗೆ 64 ಬೇಕು. ಐದರಲ್ಲಿ ಒಬ್ಬರು ಮತ್ತೆ ಬರುವುದಿಲ್ಲ ಎಂದುಕೊಂಡರೆ 80. ವ್ಯಸನದ ಅಧ್ಯಯನದಲ್ಲಿ ಬಾರದವರು ಯಾರೆಂಬುದು ಮುಖ್ಯ: ಮತ್ತೆ ಕುಡಿಯಲು ಶುರು ಮಾಡಿದವರೇ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಾರೆ. ಉಳಿದವರ ಅಂಕ ಮಾತ್ರ ತೋರಿಸಿದರೆ ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕುಡಿದ ದಿನಗಳ ಎಣಿಕೆಯಲ್ಲಿ ಸೊನ್ನೆಗಳು ತುಂಬಿರುತ್ತವೆ. ಸರಾಸರಿ ಹೋಲಿಸುವ ಟಿ-ಟೆಸ್ಟ್ ಬದಲು ಎಣಿಕೆಗಳಿಗೆ ಹೊಂದುವ ನೆಗೆಟಿವ್ ಬೈನಾಮಿಯಲ್ ಮಾದರಿಯನ್ನು ಕಲಿತುಕೊಳ್ಳಿ.

ಕಾಲೇಜು ಹುಡುಗರಲ್ಲಿ ಗಾಂಜಾ ಬಳಕೆ ಮತ್ತು ಆತಂಕದ ಬಗ್ಗೆ ಆನ್‌ಲೈನ್ ಸಮೀಕ್ಷೆ ಮಾಡಬೇಕೆಂದಿದ್ದೇನೆ. ಪೊಲೀಸರ ತೊಂದರೆ ಬರುತ್ತದೆಯೇ? (ಪಿಎಚ್.ಡಿ. ವಿದ್ಯಾರ್ಥಿ, ಬೆಂಗಳೂರು)

ಭಯ ನಿಮಗಿಂತ ಉತ್ತರಿಸುವವರಿಗೆ ಹೆಚ್ಚು. ಅವರ ಸುರಕ್ಷತೆ ನಿಮ್ಮ ಹೊಣೆ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಸೇವನೆಯೇ ಅಪರಾಧ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಂ ಷರತ್ತಿನ ರಕ್ಷಣೆ ಕೊಡುತ್ತದೆ. ಸಮೀಕ್ಷೆಗೆ ಉತ್ತರ ಕೊಟ್ಟವನಿಗೆ ಆ ಕಲಂ ಅನ್ವಯಿಸುವುದಿಲ್ಲ. ಆದ್ದರಿಂದ ಹೆಸರು, ಫೋನ್, ರಿಜಿಸ್ಟರ್ ನಂಬರ್ ಕೇಳಲೇಬೇಡಿ. ಫಾರ್ಮ್ ಇಮೇಲ್ ಹಿಡಿದುಕೊಳ್ಳುವ ಆಯ್ಕೆಯನ್ನು ನಿಲ್ಲಿಸಿ. ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ ಎಂಬುದು ನಿಮ್ಮ ಪ್ರಶ್ನೆಗೆ ಬೇಕಿಲ್ಲ, ಕೇಳಬೇಡಿ. ಮೇಷ್ಟ್ರು ಎದುರು ನಿಂತಿರುವಾಗ ತರಗತಿಯಲ್ಲಿ ತುಂಬಿಸಬೇಡಿ.

ಅನಾಮಧೇಯ ಸಮೀಕ್ಷೆಯಲ್ಲಿ ಸಾಯುವ ಯೋಚನೆಯ ಪ್ರಶ್ನೆ ಇಟ್ಟರೆ 'ಹೌದು' ಎಂದವರನ್ನು ನೀವು ತಲುಪುವುದು ಹೇಗೆ? ಒಂದೋ ಅದನ್ನು ಬಿಟ್ಟು ಎಂಟು ಪ್ರಶ್ನೆಗಳ ಪಿಎಚ್‌ಕ್ಯೂ-8 ಬಳಸಿ, ಇಲ್ಲವೇ ತಲುಪುವ ದಾರಿಯನ್ನು ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಮೊದಲೇ ಬರೆದುಕೊಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಎಲ್ಲರಿಗೂ ಕಾಣುವಂತಿರಲಿ. 18 ತುಂಬದವರಿದ್ದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆಯೂ ಮಗುವಿನ ಸಮ್ಮತಿಯೂ ಬೇಕು. ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ ಪೋಕ್ಸೋ ಕಾಯ್ದೆಯಡಿ ನೀವು ವರದಿ ಮಾಡಲೇಬೇಕು. ಗೌಪ್ಯತೆಯ ಈ ಮಿತಿಯನ್ನು ಮಾತು ಶುರುವಾಗುವ ಮುಂಚೆಯೇ ಹೇಳಿ.

ನನ್ನ ಗಂಡನಿಗೆ ಕುಡಿತ ಬಿಡಿಸಲು ಆಸ್ಪತ್ರೆಗೆ ತೋರಿಸುತ್ತಿದ್ದೇವೆ. ಓದುವ ಹುಡುಗರು ಸ್ಟಡಿಗೆ ಸೇರಿ, ಎರಡು ದಿನ ಕುಡಿಯದೆ ಬನ್ನಿ ಎಂದಿದ್ದಾರೆ. ಬೇಡವೆಂದರೆ ಔಷಧಿ ನಿಲ್ಲಿಸುತ್ತಾರಾ? (ಗೃಹಿಣಿ, ಹಾಸನ)

ನಿಲ್ಲಿಸುವಂತಿಲ್ಲ ತಾಯಿ. ಸೇರುವುದು, ಬಿಡುವುದು ನಿಮ್ಮ ಗಂಡನ ಇಷ್ಟ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು, ಚಿಕಿತ್ಸೆಗೆ ಅದರಿಂದ ಧಕ್ಕೆಯಾಗಬಾರದು. ಕನ್ನಡದಲ್ಲಿ ಬರೆದ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ನೈತಿಕ ಸಮಿತಿಯ ಫೋನ್ ನಂಬರ್ ಇರುತ್ತದೆ, ಅನುಮಾನವಿದ್ದರೆ ಅಲ್ಲಿಗೇ ಕೇಳಿ. ಅವರು ಅಮಲಿನಲ್ಲಿದ್ದಾಗ ಹಾಕಿಸಿಕೊಂಡ ಸಹಿಗೆ ಬೆಲೆಯಿಲ್ಲ. ನೀವು ಅವರ ಪರವಾಗಿ ಸಹಿ ಹಾಕಬೇಕೆಂದೂ ಇಲ್ಲ.

ಎರಡು ದಿನ ಕುಡಿಯದೆ ಬನ್ನಿ ಎಂಬ ಮಾತು ಮಾತ್ರ ನಡೆಸಬೇಡಿ. ದಿನಾ ಬಹಳ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ನಿಲ್ಲಿಸುವುದು ವೈದ್ಯರ ಔಷಧಿಯ ಜೊತೆಗೇ ಆಗಬೇಕು. ಕೈನಡುಕ ಜೋರಾಗಿ, ಬೆವರು ಕಿತ್ತು, ಇಲ್ಲದ್ದು ಕಾಣಿಸುತ್ತಿದೆ ಎಂದರೆ, ಹಗಲು ರಾತ್ರಿ ಗೊತ್ತಾಗದೆ ಮಾತಾಡಿದರೆ, ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಯ ಸಲ ಎಷ್ಟು ಹೊತ್ತಿಗೆ, ಎಷ್ಟು ಕುಡಿದಿದ್ದರು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಒಯ್ಯಿರಿ. ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.