ಕಂಬಳಿ ಹಂಚೋ ಮುಂಚೆ: ಬೀದಿಯಲ್ಲಿ ಮಲಗೋರ ಜೊತೆ ಒಡನಾಟ

ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯದ ಕಡೆ ಫುಟ್‌ಪಾತ್ ಮೇಲೆ ಮಲಗೋರಿಗೆ ಐದು ಜನ ಸೇರಿ ನೂರು ಕಂಬಳಿ ಹಂಚಬೇಕು ಅಂತಿದೀವಿ, ಹೇಗೆ ಶುರು ಮಾಡೋದು ಅಂತ ಅಕ್ಕ ಒಬ್ಬರು ಕೇಳಿದ್ದಾರೆ. ಅಕ್ಕಾ, ನೂರು ಬೇಡ. ಅಲ್ಲಿ ಮಲಗೋರಲ್ಲಿ ಹತ್ತು ಜನ ಸಾಕು. ಆರು ತಿಂಗಳು, ವಾರಕ್ಕೊಂದು ಸಲ, ಅದೇ ದಿನ ಅದೇ ಹೊತ್ತಿಗೆ ಅವರ ಹತ್ತಿರವೇ ಹೋಗಿ. ದಪ್ಪ ಕಂಬಳಿ ಬಹಳ ದಿನ ಅವರ ಕೈಯಲ್ಲಿ ಉಳಿಯಲ್ಲ. ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ಎಲ್ಲಾ ಸುತ್ತಿಕೊಂಡು ಏಳಬೇಕು, ಹಗಲು ಇಡೋಕೆ ಜಾಗ ಇರಲ್ಲ, ಸಂದಿಯಲ್ಲಿ ಸಿಕ್ಕಿಸಿಟ್ಟರೆ ಕಸದ ಗಾಡಿಗೆ ಹೋಗುತ್ತೆ. ಹೊತ್ತು ತಿರುಗೋಕೆ ಆಗೋವಂಥ ತೆಳು ಹೊದಿಕೆ, ಕೆಳಗೆ ಹಾಸೋಕೆ ಆರಡಿ ಉದ್ದದ ಪ್ಲಾಸ್ಟಿಕ್ ಶೀಟು ಕೊಡಿ. ನೆಲದ ತಂಡಿ ಏರೋದು ಕೆಳಗಿಂದ.

ಹೋಗೋಕೆ ಒಳ್ಳೇ ಹೊತ್ತು ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆ, ಶಟರ್ ಎಳೆದ ಮೇಲೆ ಹಾಸಿಗೆ ಬಿಡಿಸೋ ಸಮಯ. ಮಲಗಿದವರನ್ನ ಎಬ್ಬಿಸಲೇಬೇಡಿ. ಮೂಟೆ ಹೊರೋರಿಗೆ ನಸುಕಿನಲ್ಲೇ ಲೋಡ್ ಬರುತ್ತೆ, ನಿದ್ದೆ ಕೆಟ್ಟರೆ ಮರುದಿನದ ಕೂಲಿಯೂ ಕೆಡುತ್ತೆ. ಒಬ್ಬರ ಹತ್ತಿರ ಇಬ್ಬರೇ ಹೋಗಿ. ಐದು ಜನ ಸುತ್ತ ನಿಂತರೆ ಪೊಲೀಸರು ಬಂದ ಹಾಗೆ ಕಾಣುತ್ತೆ. "ಕೂರಬಹುದಾ ಅಣ್ಣಾ?" ಅಂತ ಕೇಳಿ, ಒಪ್ಪಿದರೆ ಅವರ ಮಟ್ಟಕ್ಕೇ ಕೂತ್ಕೊಳ್ಳಿ. ಮೊದಲು ನಿಮ್ಮ ಹೆಸರು ಹೇಳಿ. ಊಟ ಆಯ್ತಾ, ಇವತ್ತು ಕೆಲಸ ಸಿಕ್ತಾ, ಇಷ್ಟು ಸಾಕು. ಮನೆ ಯಾಕೆ ಬಿಟ್ಟಿರಿ ಅಂತ ನೀವಾಗಿ ಕೇಳಬೇಡಿ, ಅದು ಅವರ ಬಾಯಿಂದಲೇ ಬರಲಿ. ತಲೆದಿಂಬಿನ ಹಾಗೆ ಇಟ್ಟುಕೊಂಡ ಚೀಲ ಮುಟ್ಟಬೇಡಿ. ಚಪ್ಪಲಿ, ಆಧಾರ್ ಜೆರಾಕ್ಸ್, ಊರಿನ ಫೋನ್ ನಂಬರ್ ಬರೆದ ಚೀಟಿ ಎಲ್ಲಾ ಅದರಲ್ಲೇ ಇರುತ್ತೆ. ಆ ಕಾಗದಗಳಿಗೆ ಜಿಪ್ ಇರೋ ಪ್ಲಾಸ್ಟಿಕ್ ಕವರ್ ಕೊಟ್ಟರೆ, ಹತ್ತು ರೂಪಾಯಿಯ ಕವರ್ ಕಂಬಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ. ಫೋಟೋ ಬೇಡ, ಗುಂಪಿನಲ್ಲಿ ಹಾಕೋಕೂ ಬೇಡ.

ಊಟ ಕೊಡೋದಾದರೆ ಮೆತ್ತಗಿರಲಿ. ಹಲ್ಲಿಲ್ಲದವರು ಬಹಳ, ಆರಿದ ಚಪಾತಿ ಅಗಿಯೋಕಾಗಲ್ಲ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅನ್ನ-ಸಾರು ಸರಿ. ಉಳಿದಿದ್ದನ್ನ ಇಟ್ಟುಕೊಂಡರೆ ಇಲಿ ಬರುತ್ತೆ, ಅಷ್ಟಕ್ಕಷ್ಟೇ ಕೊಡಿ.

ಕುಡಿಯೋರಿಗೆ "ಇವತ್ತೇ ಬಿಡು" ಅಂತ ಒತ್ತಾಯ ಮಾಡಬೇಡಿ. ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತೆ, ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲಾ ಕಾಣೋ ಸ್ಥಿತಿಗೂ ಹೋಗಬಹುದು. ಇದು ಜೀವಕ್ಕೇ ಅಪಾಯ. ಬಿಡೋದು ಡಾಕ್ಟರ ಕಣ್ಣ ಕೆಳಗೇ ಆಗಬೇಕು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಮಾತ್ರೆಯೂ ಅಲ್ಲಿ ಉಚಿತ. ಕಾಲಿನ ಗಾಯಕ್ಕೆ ಅರಿಶಿನ, ಸೀಮೆಎಣ್ಣೆ ಏನೂ ಹಾಕಬೇಡಿ. ಶುದ್ಧ ನೀರಲ್ಲಿ ತೊಳೆದು, ಗಾಜ್ ಬಟ್ಟೆ ಸಡಿಲವಾಗಿ ಕಟ್ಟಿ, ವಿಕ್ಟೋರಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಎಡವೋದು ಎಲ್ಲಿ ಅಂದರೆ, ಅಡ್ಮಿಟ್ ಮಾಡೋವಾಗ "ಜೊತೆಗೆ ಯಾರಿದೀರಾ?" ಅಂತ ಕೇಳ್ತಾರೆ. ಯಾರೂ ಇಲ್ಲದಿದ್ದರೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗೋರಿಲ್ಲ, ಔಷಧಿ ತರೋರಿಲ್ಲ, ರೋಗಿ ಮಧ್ಯದಲ್ಲೇ ಎದ್ದು ಬಂದುಬಿಡ್ತಾರೆ. ಹೋಗೋ ಮುಂಚೆಯೇ ಹಗಲಿಗೊಬ್ಬರು, ರಾತ್ರಿಗೊಬ್ಬರು ಅಂತ ಪಾಳಿ ಹಾಕಿಕೊಳ್ಳಿ. ತುರ್ತಿದ್ದರೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿ.

ಮನಸ್ಸಿನ ಕಾಯಿಲೆಯಿಂದ ಅಲೆಯೋರ ವಿಷಯಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ನೆನಪಿರಲಿ. ಅಂಥವರನ್ನ ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸೋದು ಠಾಣಾಧಿಕಾರಿಯ ಕರ್ತವ್ಯ, ಲಾಕಪ್‌ನಲ್ಲಿ ಇಡೋ ಹಾಗಿಲ್ಲ. ಹೇಗೆ ಮಾತಾಡಿಸೋದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098.

ಇನ್ನು ಆಶ್ರಯದ ಮಾತು. "ನಿರಾಶ್ರಿತರ ಕೇಂದ್ರ" ಅನ್ನೋ ಪದ ಬಳಸಲೇಬೇಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದುಕೊಂಡು ಹೋಗಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡ್ತಾರೆ ಅನ್ನೋ ಭಯ ಬೀದಿಯಲ್ಲಿದೆ. ಆ ಪದ ಕೇಳಿದವರು ಮುಂದಿನ ವಾರ ಅಲ್ಲಿ ಇರಲ್ಲ. ಪಾಲಿಕೆಯ ನೈಟ್ ಶೆಲ್ಟರ್ ಬೇರೆ, ಅಲ್ಲಿ ಯಾರನ್ನೂ ಹಿಡಿದಿಡಲ್ಲ. ಆದರೂ ಕರೆದೊಯ್ಯೋ ಮುಂಚೆ ನೀವೇ ಹೋಗಿ ನೋಡಿ: ಹೆಂಗಸರಿಗೆ ಬೇರೆ ಜಾಗ ಇದೆಯಾ, ಗಂಡ-ಹೆಂಡತಿ ಒಟ್ಟಿಗೆ ಇರಬಹುದಾ, ಸಾಮಾನಿಗೆ ಬೀಗ ಇದೆಯಾ, ನಸುಕಿಗೆ ಬಾಗಿಲು ತೆಗೀತಾರಾ. ಮೂಟೆ ಹೊರೋರು ಮಾರ್ಕೆಟ್ ಬಿಟ್ಟು ಬರಲ್ಲ ಅಂದರೆ ಅದು ಹಟ ಅಲ್ಲ, ದೂರ ಮಲಗಿದರೆ ಮೊದಲ ಲೋಡ್ ತಪ್ಪುತ್ತೆ.

ಗುರುತಿನ ಚೀಟಿ ಇಲ್ಲದೋರಿಗೆ ಮತದಾರರ ಪಟ್ಟಿಯ ದಾರಿ ಇದೆ. ಪಟ್ಟಿಗೆ ಹೆಸರು ಸೇರಿಸೋ ಅರ್ಜಿಯಾದ ನಮೂನೆ 6ರಲ್ಲಿ ಮಲಗೋ ಜಾಗವನ್ನೇ ವಿಳಾಸ ಅಂತ ಬರೆಯಬಹುದು. ಮತಗಟ್ಟೆ ಮಟ್ಟದ ಚುನಾವಣಾ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಇವರು ಅಲ್ಲೇ ಮಲಗ್ತಾರೆ ಅಂತ ಖಚಿತ ಮಾಡಿಕೊಂಡರೆ ವಿಳಾಸಕ್ಕೆ ದಾಖಲೆ ಬೇಕಿಲ್ಲ. ಹಾಗಾಗಿ ಜಾಗದ ಗುರುತು ಚೆನ್ನಾಗಿ ಬರೆಯಿರಿ, ಯಾವ ಕಂಬ, ಯಾವ ಅಂಗಡಿಯ ಮುಂದೆ ಅಂತ. ಅಧಿಕಾರಿ ಬರೋ ವಾರ ಜಾಗ ಬದಲಾಯಿಸಬೇಡಿ ಅಂತ ಅವರಿಗೂ ಹೇಳಿಡಿ.

ನಿಮ್ಮಲ್ಲಿ ಯಾರಾದರೂ ಹೋಗೋದು ನಿಲ್ಲಿಸೋದಾದರೆ ಮೂರು ವಾರ ಮುಂಚೆ ಆ ಬೀದಿಯವರಿಗೇ ಬಾಯಿಬಿಟ್ಟು ಹೇಳಿ, ಬದಲಿಗೆ ಬರೋರನ್ನ ಎರಡು ಸಲ ಜೊತೆಗೆ ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿ.