ಸಾಮಾಜಿಕ ಇತಿಹಾಸಕಾರರೊಬ್ಬರು ವಿಶ್ವವಿದ್ಯಾಲಯವನ್ನೂ ನಡೆಸಿ, ಪುಸ್ತಕವನ್ನೂ ಬರೆಯಲು ಸಾಧ್ಯವೇ?

ಸಾಧ್ಯ. ನನಗೆ ತಕ್ಷಣ ನೆನಪಾಗುವುದು ಇಂಗ್ಲೆಂಡಿನ ಏಸಾ ಬ್ರಿಗ್ಸ್ (1921–2016).

ಹುಟ್ಟಿದ್ದು ಯಾರ್ಕ್‌ಷೈರಿನಲ್ಲಿ, ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಬಿಡಿಸುತ್ತಿದ್ದರು. ಆಮೇಲೆ ಆಕ್ಸ್‌ಫರ್ಡ್, ಲೀಡ್ಸ್‌ನಲ್ಲಿ ಪಾಠ ಹೇಳಿದರು.

ಇತಿಹಾಸ ಅಂದ್ರೆ ರಾಜರು, ಮಂತ್ರಿಗಳು ಅಂತ ನಾವು ಓದಿಕೊಂಡು ಬಂದಿದ್ದೇವೆ ಅಲ್ವಾ? ಬ್ರಿಗ್ಸ್ ನೋಡಿದ್ದು ಊರುಗಳನ್ನು, ದಿನಬಳಕೆಯ ವಸ್ತುಗಳನ್ನು. ವಿಕ್ಟೋರಿಯಾ ರಾಣಿಯ ಕಾಲದ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಕಾರ್ಖಾನೆ ಊರುಗಳ ಬಗ್ಗೆ 1963ರಲ್ಲಿ ಬರೆದರು. ಮುಂದೆ ಅಂಚೆಚೀಟಿ, ಕಲ್ಲಿದ್ದಲಿನಿಂದಲೂ ಆ ಕಾಲದ ಬದುಕನ್ನು ತೆರೆದಿಟ್ಟರು. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಸಸೆಕ್ಸ್ ವಿಶ್ವವಿದ್ಯಾಲಯ 1961ರಲ್ಲಿ ಶುರುವಾದಾಗಲೇ ಅಲ್ಲಿ ಸೇರಿದರು. ಒಂದೊಂದು ವಿಷಯಕ್ಕೂ ಬೇರೆ ಬೇರೆ ಗೋಡೆ ಬೇಡ, ವಿದ್ಯಾರ್ಥಿ ಹಲವು ವಿಷಯಗಳನ್ನು ಜೋಡಿಸಿ ಓದಲಿ ಎನ್ನುವುದು ಅಲ್ಲಿನ ಹೊಸತನ. ಅದನ್ನು ರೂಪಿಸಿದವರಲ್ಲಿ ಬ್ರಿಗ್ಸ್ ಮುಖ್ಯರು. 1967ರಿಂದ 1976ರವರೆಗೆ ಅಲ್ಲಿಯೇ ಕುಲಪತಿ. ನಂತರ ಆಕ್ಸ್‌ಫರ್ಡ್‌ನ ವೂಸ್ಟರ್ ಕಾಲೇಜಿನ ಮುಖ್ಯಸ್ಥರಾದರು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆಗಿದ್ದರು.

ಆಡಳಿತದ ನಡುವೆ ಬರವಣಿಗೆ ನಿಂತಿತೇ? ಇಲ್ಲ. ಬ್ರಿಟನ್ನಿನ ಪ್ರಸಾರ ಮಾಧ್ಯಮದ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದರು. ಮೊದಲನೆಯದು 1961ರಲ್ಲಿ, ಕೊನೆಯದು 1995ರಲ್ಲಿ ಬಂತು. ಮೂರನೆಯದು ಹೊರಬಂದ 1970ರಲ್ಲಿ ಅವರು ಕುಲಪತಿಯ ಕುರ್ಚಿಯಲ್ಲೇ ಇದ್ದರು.