ಬರೆಯ ಮೇಲಿನ ಬಿರುಕು: ತಡೆಗೋಡೆ ಈಗಲೇ ಬೇಡ

ಹಿತ್ತಲ ಬರೆ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬ, ಬಿರುಕು ಬಿಟ್ಟಿರುವ ಚಿತ್ರ ಕಳಿಸಿ, ತಡೆಗೋಡೆ ಕಟ್ಟಿಸಲೇ ಎಂದು ಕೇಳಿದ್ದೀರಿ. ಮನೆ ಕಟ್ಟಲು ಗುಡ್ಡದ ಬುಡ ಕಡಿದಿರುವುದೇ ಬಿರುಕಿಗೆ ಕಾರಣವಿರಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಕುಸಿದ ಹಲವು ಕಡೆಯೂ ಇದೇ ಕಥೆ. ಬಿರುಕಿನ ಆಳ ಮಾತ್ರ ಚಿತ್ರ ನೋಡಿ ಹೇಳುವಂಥದ್ದಲ್ಲ. ತಡೆಗೋಡೆ ಕಟ್ಟಿಸಲೇ ಎಂದು ಕೇಳಿದ್ದೀರಿ. ಅದರ ಪಾಯಕ್ಕೆಂದು ಮಳೆಗಾಲದ ನಡುವೆ ಬರೆಯ ಬುಡ ಅಗೆದರೆ ಉಳಿದ ಆಸರೆಯೂ ಹೋಗುತ್ತದೆ.

ಮಳೆ ಬಿಟ್ಟ ಹೊತ್ತಿನಲ್ಲಿ ಮೇಲಿನ ತೋಟದ ನೀರು ಬಿರುಕಿಗೆ ಇಳಿಯದಂತೆ ಚರಂಡಿ ತಿರುಗಿಸಿ. ಬಿರುಕಿಗೆ ಜೇಡಿಮಣ್ಣು ಮೆತ್ತಿ, ಕಾಫಿ ಕಣದ ಟಾರ್ಪಾಲು ಹೊದಿಸಿ. ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ನಡುವಿನ ಅಂತರವನ್ನು ಬೆಳಿಗ್ಗೆ ಸಂಜೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂತರ ಹೆಚ್ಚಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ಇಲ್ಲವೇ ಬರೆಯ ಬುಡದಲ್ಲಿ ಕೆಸರುನೀರು ಉಕ್ಕಿದರೆ ಅಳತೆ ಗಿಳತೆ ಬಿಟ್ಟು ಹೊರಡಿ; ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ದಾರಿಯಲ್ಲಿ ಕರೆ ಮಾಡಿದರಾಯಿತು. ರಾತ್ರಿ ಜೋರು ಮಳೆಯಿದ್ದರೆ ಹೇಗೂ ನೆಂಟರ ಮನೆಯೇ ಲೇಸು.

ಪಂಚಾಯಿತಿಯಲ್ಲಿ ಬಾಯಿಮಾತು ಸಾಲದು. ಫೋಟೊ, ಅಳತೆ ಸೇರಿಸಿ ತಹಶೀಲ್ದಾರರಿಗೂ ಅರ್ಜಿ ಕೊಟ್ಟು, ಭೂವಿಜ್ಞಾನಿಯಿಂದ ಸ್ಥಳಪರಿಶೀಲನೆ ಕೇಳಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಏಳಬೇಡಿ. ಮುಂದೆ ಪರಿಹಾರ ಕೇಳುವಾಗ ಆ ಚೀಟಿಯೇ ನಿಮ್ಮ ಪರ ಮಾತನಾಡುವುದು. ಆಧಾರ್, ಜಾಗದ ದಾಖಲೆಗಳನ್ನು ಇಂದೇ ನೆಂಟರಲ್ಲಿ ಇಡಿ.